ಸೈಕಲ್ಲಿಗೆ ಫಿಲ್ಮ್ ಹಚ್ಚುವ ಮೊದಲು ಅದನ್ನು ತೊಳೆಯಿರಿ

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ದುಬಾರಿ ಸೈಕಲ್‌ಗಳ ಬಗ್ಗೆ ಬಂದ ಬರಹ ಓದಿದೆ. ಚೆನ್ನಾಗಿತ್ತು. ಆದರೆ ಕೊನೆಯಲ್ಲಿ, ಹೊಸ ಮೌಂಟನ್ ಬೈಕ್ ಕೊಂಡವರು ಅಂಗಡಿಯಲ್ಲೇ ಫ್ರೇಮಿಗೆ ಪ್ರೊಟೆಕ್ಷನ್ ಫಿಲ್ಮ್ ಹಾಕಿಸಿಬಿಟ್ಟರೆ ಆಮೇಲೆ ಬಣ್ಣದ ಚಿಂತೆಯೇ ಇರುವುದಿಲ್ಲ ಎನ್ನುವ ಅರ್ಥದ ಒಂದು ಮಾತು ಇತ್ತಲ್ಲ, ಅದನ್ನು ಓದಿ ಸುಮ್ನೆ ಕೂರಲು ಆಗಲಿಲ್ಲ. ಯಾಕೆಂದರೆ ನಾನೂ ಹಾಗೆಯೇ ಹಾಕಿಸಿದವನು. ಮೂರು ತಿಂಗಳಿಗೆ ಕಿತ್ತು ಹಾಕಿದವನೂ ನಾನೇ.

ಫಿಲ್ಮ್ ಬೇಡ ಎಂದು ಹೇಳಲು ಈ ಪತ್ರ ಬರೆಯುತ್ತಿಲ್ಲ. ಈಗಲೂ ನನ್ನ ಸೈಕಲ್ ಮೇಲೆ ಫಿಲ್ಮ್ ಇದೆ, ನಾನೇ ಹಚ್ಚಿದ್ದು. ಆದರೆ ಅದರ ಕೆಳಗೆ ಒಂದು ಚಿಟಿಕೆ ಉಸುಕು ಉಳಿದರೂ, ಆ ಫಿಲ್ಮ್ ಇರುವುದಕ್ಕಿಂತ ಇಲ್ಲದಿರುವುದೇ ವಾಸಿ. ಈ ಒಂದು ಮಾತನ್ನು ಅಂಗಡಿಯವರು ಹೇಳುವುದಿಲ್ಲ. ನಿಮ್ಮ ಬರಹದಲ್ಲೂ ಇರಲಿಲ್ಲ.

ಆಗಿದ್ದು ಹೀಗೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತಲ್ಲ, ಅದಕ್ಕಾಗಿಯೇ ಎರಡು ತಿಂಗಳು ತಡೆದುಕೊಂಡು ಕೂತಿದ್ದೆ. ಆ ವಾರವೇ ಹೋಗಿ ಅಲ್ಯುಮಿನಿಯಂ ಫ್ರೇಮಿನ ಒಂದು ಹಾರ್ಡ್‌ಟೇಲ್ ತಂದೆ. ಮುಂದೆ ಸಸ್ಪೆನ್ಷನ್, ಹಿಂದೆ ಇಲ್ಲ. ಮ್ಯಾಟ್ ಹಸಿರು ಬಣ್ಣ, ಮಳೆ ನಿಂತ ಮೇಲೆ ಕಾಣುವ ಹುಲ್ಲಿನ ಬಣ್ಣ. ಬೆಲೆ 70 ಸಾವಿರದ ಆಸುಪಾಸು. ಅಷ್ಟು ದುಡ್ಡು ಕೊಟ್ಟವನ ಎದೆ ಡವಡವ ಅನ್ನುತ್ತಲೇ ಇರುತ್ತದೆ, ಅಂಗಡಿಯವನಿಗೆ ಅದು ಕೇಳಿಸುತ್ತದೆ. ‘ಸರ, ಇದಕ್ಕ ಪಿಪಿಎಫ್ ಹಾಕಿ ಕೊಡ್ತೀವಿ, ಐದು ವರ್ಷ ಏನೂ ಆಗಂಗಿಲ್ಲ ಬಿಡ್ರಿ’ ಎಂದ. 4,500 ರೂಪಾಯಿ. ಹಾಕಪ್ಪಾ ಎಂದೆ.

ಗೊತ್ತಿಲ್ಲದವರಿಗೆ ಹೇಳಬೇಕೆಂದರೆ ಈ ಪಿಪಿಎಫ್ ಅಂದರೆ ಪೇಂಟ್ ಪ್ರೊಟೆಕ್ಷನ್ ಫಿಲ್ಮ್, ಬಣ್ಣ ಕಾಯುವ ಪಾರದರ್ಶಕವಾದ ಪಾಲಿಯುರೆಥೇನ್ ಹಾಳೆ. ಒಂದು ಕಡೆ ಅಂಟು ಇರುತ್ತದೆ. ದಪ್ಪ ಸಾಮಾನ್ಯವಾಗಿ 150ರಿಂದ 200 ಮೈಕ್ರಾನ್, ಅಂದರೆ ನೋಟ್‌ಬುಕ್ಕಿನ ಎರಡು ಹಾಳೆ ಸೇರಿಸಿದಷ್ಟು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳ ರೆಕ್ಕೆಯ ಅಂಚು ದೂಳು ಮರಳಿಗೆ ಸವೆದುಹೋಗುತ್ತಿತ್ತು, ಅದನ್ನು ತಡೆಯಲು ಇಂಥ ಟೇಪು ಹುಟ್ಟಿತು. ಆಮೇಲೆ ರೇಸಿನ ಕಾರುಗಳಿಗೆ ಬಂತು, ಅಲ್ಲಿಂದ ಎಲ್ಲಾ ಕಾರುಗಳಿಗೆ, ಕೊನೆಗೆ ಸೈಕಲ್ಲಿಗೆ. ಹೊರದೇಶದ ಸೈಕಲ್ಲಿನವರು ಈಗಲೂ ಇದನ್ನು ಹೆಲಿಕಾಪ್ಟರ್ ಟೇಪ್ ಅಂತಲೇ ಕರೆಯುತ್ತಾರೆ. ಒಳ್ಳೆಯ ಫಿಲ್ಮಿನ ಮೇಲೆ ಸಣ್ಣ ಗೀರು ಬಿದ್ದರೆ ಬಿಸಿನೀರು ಸುರಿದಾಗ ಅದು ತಾನೇ ಕೂಡಿಕೊಳ್ಳುತ್ತದೆ. ಇದು ಮಾರಾಟದ ಮಾತಲ್ಲ, ಕಣ್ಣಾರೆ ನೋಡಿದ್ದೇನೆ. ವಸ್ತು ಚೆನ್ನಾಗಿದೆ. ಕೆಟ್ಟದ್ದು ಹಚ್ಚಿದ ರೀತಿ.

ಮನೆಗೆ ತಂದ ಮೊದಲ ದಿನ ನನಗೆ ಕಂಡಿದ್ದು ಹೊಳಪು. ಮ್ಯಾಟ್ ಬಣ್ಣದ ಫ್ರೇಮಿಗೆ ಹೊಳೆಯುವ ಫಿಲ್ಮ್ ಹಾಕಿದ್ದರು. ಹಾಗಾಗಿ ಫಿಲ್ಮ್ ಇರುವಲ್ಲಿ ಎಣ್ಣೆ ಸವರಿದಂತೆ, ಇಲ್ಲದಲ್ಲಿ ಮಂಕು. ಮ್ಯಾಟ್ ಫಿಲ್ಮ್ ಬೇರೆ ಸಿಗುತ್ತದೆ ಎನ್ನುವುದು ಆಗ ನನಗೂ ಗೊತ್ತಿರಲಿಲ್ಲ. ಎರಡನೆಯದಾಗಿ ಕಂಡಿದ್ದು ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಗುಳ್ಳೆಗಳು. ಫೋನ್ ಮಾಡಿದೆ. ‘ನೀರಿನ ಗುಳ್ಳಿ ಸರ, ಎಂಟು ದಿನಕ್ಕ ಹೋಗ್ತಾವ’ ಎಂದರು. ನೀರಿನ ಗುಳ್ಳೆ ಹೋಗುತ್ತದೆ, ನಿಜ. ಆದರೆ ಉಗುರಿನಿಂದ ಒತ್ತಿದರೆ ನೀರಿನ ಗುಳ್ಳೆ ಜರುಗುತ್ತದೆ, ಇವು ಜರುಗಲಿಲ್ಲ. ಒಳಗೆ ಗಟ್ಟಿಯಾದದ್ದೇನೋ ಇತ್ತು. ಅಂಗಡಿ ಇದ್ದದ್ದು ರಸ್ತೆಯ ಬದಿಗೆ, ಬಾಗಿಲು ತೆರೆದೇ ಇರುತ್ತಿತ್ತು, ತಲೆಯ ಮೇಲೆ ಫ್ಯಾನು. ಅಲ್ಲಿಯೇ ನಿಂತು ಹಚ್ಚಿದ್ದರು. ಹೊಸ ಸೈಕಲ್ ಅಂತ ತೊಳೆದೂ ಇರಲಿಲ್ಲ.

ಎರಡು ದಿನ ಬಿಟ್ಟು ಆಯುಧಪೂಜೆ ಬಂತು. ಅವ್ವ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟಳು. ಮರುದಿನ ಒರೆಸಿದೆ. ಕುಂಕುಮ ಹೋಯಿತು. ಅರಿಶಿನ ಮಾತ್ರ ಮೇಲಿನ ದಂಡದ ಮೇಲೆ ಫಿಲ್ಮಿನ ಅಂಚಿಗುಂಟ ದಾರ ಎಳೆದ ಹಾಗೆ ಹಳದಿ ಗೆರೆಯಾಗಿ ಉಳಿಯಿತು. ಆಗ ನಕ್ಕಿದ್ದೆ. ಆದರೆ ಅದು ಅಂಚು ಸರಿಯಾಗಿ ಕೂತಿಲ್ಲ ಎಂದು ಸೈಕಲ್ಲೇ ನನಗೆ ತೋರಿಸಿದ ಗುರುತು. ಕೂತಿದ್ದರೆ ಅರಿಶಿನಕ್ಕೆ ಒಳಗೆ ನುಗ್ಗಲು ಜಾಗ ಎಲ್ಲಿತ್ತು?

ಆಮೇಲೆ ಹಿಂಗಾರಿ ಮಳೆ. ನಮ್ಮ ಧಾರವಾಡದ ವಿಚಿತ್ರ ಏನೆಂದರೆ ಊರಿನ ದಕ್ಷಿಣಕ್ಕೆ ಕಲಘಟಗಿ, ಪಶ್ಚಿಮಕ್ಕೆ ಅಳ್ನಾವರದ ಕಡೆ ಹೋದರೆ ಕೆಂಪು ಮಣ್ಣು, ಗರಸು, ಕಾಡು; ಪೂರ್ವಕ್ಕೆ ನವಲಗುಂದದ ಕಡೆ ತಿರುಗಿದರೆ ಅಪ್ಪಟ ಎರೆ. ಕೆಂಪು ಮಣ್ಣಿನಲ್ಲಿ ಸೈಕಲ್ ಹೊಡೆದರೆ ಸಣ್ಣ ಕಲ್ಲು ಸಿಡಿದು ಫ್ರೇಮಿನ ಹೊಟ್ಟೆಗೆ ಟಣ್ ಟಣ್ ಅಂತ ಬಡಿಯುತ್ತವೆ. ಎರೆಯಲ್ಲಿ ಶಬ್ದವೇ ಇಲ್ಲ. ಅದು ಅಂಟಿಕೊಳ್ಳುತ್ತದೆ. ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಜೋಳ ಬಿತ್ತುವ ಹೊಲಗಳ ನಡುವೆ ಹೊರಟೆ. ರಾತ್ರಿ ಮಳೆಯಾಗಿತ್ತು. ಅರ್ಧ ಕಿಲೋಮೀಟರಿಗೆ ಹಿಂದಿನ ಗಾಲಿ ತಿರುಗುವುದೇ ನಿಂತುಹೋಯಿತು. ಟೈರಿಗೂ ಫ್ರೇಮಿಗೂ ನಡುವೆ ಇರುವ ಜಾಗದಲ್ಲಿ ಮಣ್ಣು ರೊಟ್ಟಿಯ ಹಿಟ್ಟಿನ ಹಾಗೆ ಗಿಡಿದು ಕೂತಿತ್ತು. ತೊಗರಿ ಕಟ್ಟಿಗೆಯಿಂದ ಕೆತ್ತಿ ಕೆತ್ತಿ ತೆಗೆದೆ, ಹತ್ತು ಹೆಜ್ಜೆ ತಳ್ಳಿದೆ, ಮತ್ತೆ ಅದೇ. ಬದುವಿನ ಮೇಲೆ ಕೂತಿದ್ದ ಅಜ್ಜನೊಬ್ಬ ‘ಹೊತ್ಕೊಂಡ್ ಹೋಗ್ರಿ ಸರ, ಇದು ಗಾಡಿ ಹೊಡ್ಯೂ ಹೊತ್ತಲ್ಲ’ ಎಂದ. ಹೊತ್ತುಕೊಂಡೇ ಡಾಂಬರು ರಸ್ತೆ ಮುಟ್ಟಿದೆ.

ಮನೆಗೆ ಬಂದು ತೊಳೆದಾಗ ನೋಡಿದೆ. ಚೈನ್‌ಸ್ಟೇ, ಅಂದರೆ ಪೆಡಲಿನ ಕಡೆಯಿಂದ ಹಿಂದಿನ ಗಾಲಿಗೆ ಹೋಗುವ ಪೈಪು, ಅದರ ಒಳಮಗ್ಗುಲಿನ ಫಿಲ್ಮ್ ಅಂಚು ಎದ್ದು ನಿಂತಿತ್ತು, ಕೆಳಗೆ ಕರಿ ಮಣ್ಣು ಒಂದು ಇಂಚು ಒಳಗೆ ಹೋಗಿತ್ತು. ಒತ್ತಿ ಕೂರಿಸಿದೆ. ಕೂರಲಿಲ್ಲ. ಡಿಸೆಂಬರ್ ಹೊತ್ತಿಗೆ ಮೂರು ಕಡೆ ಹೀಗೆಯೇ ಆಗಿತ್ತು. ತಲೆ ಕೆಟ್ಟು ಎಲ್ಲವನ್ನೂ ತೆಗೆಯಲು ಕೂತೆ.

ತೆಗೆದಾಗ ಕಂಡದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹೇರ್ ಡ್ರೈಯರಿನಲ್ಲಿ ಬಿಸಿ ಮಾಡುತ್ತಾ, ಫಿಲ್ಮನ್ನು ಮೇಲಕ್ಕೆ ಎಳೆಯದೆ ಫ್ರೇಮಿಗೆ ಒರಗಿಸಿದಂತೆ ಹಿಂದಕ್ಕೆ ಮಡಚಿ ನಿಧಾನ ಎಳೆದರೆ ಬರುತ್ತದೆ. ಡೌನ್ ಟ್ಯೂಬ್, ಅಂದರೆ ಹ್ಯಾಂಡಲ್ ಕಡೆಯಿಂದ ಪೆಡಲಿನ ಕಡೆಗೆ ಇಳಿಯುವ ದಪ್ಪ ಪೈಪು, ಅದರ ಮೇಲಿನದು ಪೂರ್ತಿ ಸ್ವಚ್ಛವಾಗಿ ಬಂತು. ಕೆಳಗಿನ ಬಣ್ಣ ಅಂಗಡಿಯಿಂದ ಬಂದ ದಿನದ್ದೇ. ಅಷ್ಟರಮಟ್ಟಿಗೆ ಫಿಲ್ಮ್ ತನ್ನ ಕೆಲಸ ಮಾಡಿತ್ತು, ಅದನ್ನು ಒಪ್ಪಲೇಬೇಕು. ಆದರೆ ಹೆಡ್ ಟ್ಯೂಬ್, ಅಂದರೆ ಹ್ಯಾಂಡಲ್ ಕೂರುವ ಮುಂದಿನ ಗಿಡ್ಡ ಪೈಪು, ಅದರ ಪಕ್ಕದಲ್ಲಿ, ಬ್ರೇಕಿನ ಹೋಸ್ ಕೊಳವೆ ಬಂದು ಒರಗುವ ಜಾಗದಲ್ಲಿ, ಆ ಜರುಗದ ಗುಳ್ಳೆಗಳ ಕೆಳಗೆ ಸಣ್ಣ ಸಣ್ಣ ಉಸುಕಿನ ಕಾಳು. ಹೋಸ್ ಮೇಲಿನಿಂದ ಒತ್ತಿ ಒತ್ತಿ ಪ್ರತಿ ಕಾಳೂ ತನ್ನ ಸುತ್ತ ಬಣ್ಣ ತಿಂದು ಒಂದೊಂದು ಗುಂಡಿ ಮಾಡಿಕೊಂಡಿತ್ತು. ಹಸಿರು ಹೋಗಿ ಪ್ರೈಮರ್ ಕಾಣುತ್ತಿತ್ತು. ಚೈನ್‌ಸ್ಟೇ ಹತ್ತಿರವಂತೂ ಎರಡು ಬೆರಳು ಅಗಲದಷ್ಟು ಜಾಗ ಪಾಲಿಶ್ ಪೇಪರ್ ಹಾಕಿ ತಿಕ್ಕಿದಂತಿತ್ತು. ಫಿಲ್ಮೇ ಇರದಿದ್ದರೆ ಆ ಮಣ್ಣು ತೊಳೆದಾಗ ಹೋಗುತ್ತಿತ್ತು, ಅಲ್ವಾ? ಫಿಲ್ಮ್ ಅದನ್ನು ಹಿಡಿದು ಇಟ್ಟುಕೊಂಡು ಎರಡು ತಿಂಗಳು ತಿಕ್ಕಿಸಿತು.

ಅಂಗಡಿಗೆ ಹೋಗಿ ಫೋಟೊ ತೋರಿಸಿದೆ. ಜಗಳಕ್ಕೆ ಹೋಗಿರಲಿಲ್ಲ, ದೇವರಾಣೆ. ಅವರು ನೋಡಿ, ‘ನೀವು ಹಿಂಗ ಮಣ್ಣಿನ್ಯಾಗ ಹೊಡೀತೀರಿ ಅಂತ ಮೊದ್ಲ ಹೇಳಬೇಕಿತ್ತಲ್ರಿ ಸರ’ ಎಂದರು. ಮೌಂಟನ್ ಬೈಕ್ ಮಾರಿದವರು ಕೇಳಿದ ಮಾತು ಇದು. ಏನು ಹೇಳಲಿ! ಅಂಗಡಿಯ ಹೆಸರು ಬರೆಯುವುದಿಲ್ಲ, ಅದು ನನಗೆ ಬೇಕಾಗಿಯೂ ಇಲ್ಲ. ಒಬ್ಬರದೇ ತಪ್ಪಾಗಿದ್ದರೆ ಪತ್ರಿಕೆಗೆ ಯಾಕೆ ಬರೆಯುತ್ತಿದ್ದೆ? ಆಮೇಲೆ ಜೊತೆಯಲ್ಲಿ ಸೈಕಲ್ ಹೊಡೆಯುವ ನಾಲ್ಕೈದು ಜನರ ಫ್ರೇಮಿಗೆ ಬೆರಳು ಸವರಿ ನೋಡಿದೆ. ಮೂವರದ್ದರಲ್ಲಿ ಇದೇ ಗರಗರ.

ಈ ಹೊತ್ತಿಗೆ ಅಪ್ಪನ ಸೈಕಲ್ ನೆನಪಾಯಿತು. ನಿಮ್ಮ ಓದುಗರಲ್ಲಿ 50 ದಾಟಿದವರಿಗೆ ಇದು ಗೊತ್ತಿರುತ್ತದೆ. ಆಗೆಲ್ಲ ಹೊಸ ಸೈಕಲ್ ಬರುವಾಗ ಫ್ರೇಮಿನ ದಂಡಗಳಿಗೆಲ್ಲ ಕಾಗದವನ್ನೋ ಪ್ಲಾಸ್ಟಿಕ್ ಪಟ್ಟಿಯನ್ನೋ ಸುತ್ತಿರುತ್ತಿದ್ದರು. ಅಂಗಡಿಯಿಂದ ಮನೆಗೆ ತರುವವರೆಗೆ ಬಣ್ಣಕ್ಕೆ ಪೆಟ್ಟು ಬೀಳಬಾರದು ಎಂದು ಅದನ್ನು ಸುತ್ತುವುದು. ನಮ್ಮ ಜನ ಅದನ್ನು ತೆಗೆದರೆ ಸೈಕಲ್ ಹಳೆಯದಾಯಿತು ಅಂದುಕೊಂಡರು. ಅಪ್ಪ ನಾಲ್ಕು ವರ್ಷ ತೆಗೆಯಲಿಲ್ಲ. ಹರಿದಲ್ಲಿ ಮೇಲೆ ಇನ್ನೊಂದು ಬಣ್ಣದ ಪ್ಲಾಸ್ಟಿಕ್ ಪಟ್ಟಿ ಸುತ್ತಿದ. ದಿನಾ ಎರಡು ಹೊತ್ತು ಮಳೆಯಲ್ಲಿ ಬಿಸಿಲಿನಲ್ಲಿ ಶಾಲೆಗೆ ಹೋಗಿ ಬರುತ್ತಿದ್ದ ಮನುಷ್ಯ. ಕೊನೆಗೊಮ್ಮೆ ದೀಪಾವಳಿಗೆ ತೊಳೆಯುವಾಗ ಅದನ್ನು ಬಿಚ್ಚಿದರೆ ದಂಡದ ಕೆಳಮಗ್ಗುಲು ಪೂರ್ತಿ ತುಕ್ಕು. ಒಳಗೆ ಹೋದ ಮಳೆನೀರು ಹೊರಗೆ ಬರಲು ದಾರಿಯೇ ಇರಲಿಲ್ಲ. ಪಕ್ಕದ ಮನೆಯವರದು ಅದೇ ವರ್ಷ ಕೊಂಡ ಸೈಕಲ್, ಮೊದಲ ದಿನವೇ ಎಲ್ಲಾ ಬಿಚ್ಚಿ ಎಸೆದಿದ್ದರು, ವಾರಕ್ಕೊಮ್ಮೆ ಎಣ್ಣೆ ಬಟ್ಟೆಯಲ್ಲಿ ಒರೆಸುತ್ತಿದ್ದರು. ಅದು ನಮ್ಮದಕ್ಕಿಂತ ಹೊಸದಾಗಿ ಕಾಣುತ್ತಿತ್ತು. ಅಪ್ಪ ಅದನ್ನು ಕೊನೆಯವರೆಗೂ ಒಪ್ಪಲಿಲ್ಲ, ಅದು ಬೇರೆ ಮಾತು. ಸೋಫಾದ ಮೇಲಿನ ಪ್ಲಾಸ್ಟಿಕ್, ಕಾರಿನ ಸೀಟಿನ ಮೇಲಿನ ಪ್ಲಾಸ್ಟಿಕ್, ಟಿವಿ ರಿಮೋಟಿನ ಕವರ್, ಎಲ್ಲಾ ಒಂದೇ ಜಾತಿ.

ಪಿಪಿಎಫ್ ಅದಲ್ಲ. ಅದು ಸುತ್ತಿದ್ದಲ್ಲ, ಅಂಟಿದ್ದು. ಬಣ್ಣಕ್ಕೂ ಅದಕ್ಕೂ ನಡುವೆ ಏನೂ ಇಲ್ಲದಿದ್ದಾಗ ಮಾತ್ರ ಅದು ಕೆಲಸ ಮಾಡುತ್ತದೆ. ನಡುವೆ ಏನಾದರೂ ಬಂದರೆ ಅಪ್ಪನ ಪ್ಲಾಸ್ಟಿಕ್ ಪಟ್ಟಿಗೂ ಇದಕ್ಕೂ ವ್ಯತ್ಯಾಸ ಇಲ್ಲ, 4,500 ರೂಪಾಯಿ ಬಿಟ್ಟರೆ.

ಉಸುಕು ಇಷ್ಟು ಕೆಡುಕು ಮಾಡುವುದು ಯಾಕೆ ಎಂದು ಮಗಳು ಕೇಳಿದಳು. ಉಸುಕಿನಲ್ಲಿ ಜಾಸ್ತಿ ಇರುವುದು ಬೆಣಚುಕಲ್ಲಿನ ಪುಡಿ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಅದು 7. ಕಿಟಕಿಯ ಗಾಜನ್ನೇ ಗೀರುತ್ತದೆ. ಸೈಕಲ್ಲಿನ ಬಣ್ಣದ ಮೇಲಿನ ಪಾರದರ್ಶಕ ಪದರ ತಲೆಗೂದಲಿನಷ್ಟೂ ದಪ್ಪ ಇರುವುದಿಲ್ಲ. ಇನ್ನು ಲೆಕ್ಕ ನೀವೇ ಹಾಕಿ. ಅಲ್ಯುಮಿನಿಯಂ ಫ್ರೇಮಾದರೆ ಬಣ್ಣ ಹೋಯಿತು ಅಷ್ಟೇ. ಕಾರ್ಬನ್ ಫ್ರೇಮಾದರೆ ಬಣ್ಣದ ಕೆಳಗೆ ಇರುವುದೇ ಎಳೆಗಳು, ಕೇಬಲ್ ತಿಕ್ಕಿ ತಿಕ್ಕಿ ಅಲ್ಲಿಯವರೆಗೆ ಹೋದರೆ ಅದು ಬರೀ ಅಂದದ ಪ್ರಶ್ನೆ ಅಲ್ಲ. ಇಂಥ ಸವೆತ ಸಾಮಾನ್ಯವಾಗಿ ಫ್ರೇಮಿನ ವಾರಂಟಿಯಲ್ಲಿ ಬರುವುದೂ ಇಲ್ಲ.

ಹಾಗಾದರೆ ಎಲ್ಲಿ ಹಚ್ಚಬೇಕು? ಇಡೀ ಫ್ರೇಮಿಗೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ತೂಕದ ಚಿಂತೆಯಲ್ಲ, ಪೂರ್ತಿ ಹಚ್ಚಿದರೂ 100 ಗ್ರಾಂ ಆಸುಪಾಸು ಅಷ್ಟೇ. ಅಂಚು ಜಾಸ್ತಿಯಾದಷ್ಟೂ ಮಣ್ಣು ನುಗ್ಗುವ ಬಾಗಿಲೂ ಜಾಸ್ತಿ. ನಿಮ್ಮ ಸೈಕಲ್ಲನ್ನು ಒಂದು ತಿಂಗಳು ಹಾಗೇ ಹೊಡೆದು ಎಲ್ಲಿ ಏನು ತಾಗುತ್ತಿದೆ ನೋಡಿ ಎನ್ನಲೂ ಆಗುವುದಿಲ್ಲ, ಅಷ್ಟರಲ್ಲಿ ಗೀರು ಬಿದ್ದಿರುತ್ತದೆ. ಅದಕ್ಕೆ ನಾನು ಮಾಡಿದ್ದು ಇದು: ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಕೇಬಲ್ಲು, ಹೋಸು ಎಲ್ಲೆಲ್ಲಿ ಫ್ರೇಮನ್ನು ಮುಟ್ಟುತ್ತವೆ ಎಂದು ನೋಡಿದೆ. ಕೇಬಲ್ ಒಳಗಿನಿಂದ ಹೋಗುವ ಈಗಿನ ಫ್ರೇಮಿನಲ್ಲೂ ಹೆಡ್ ಟ್ಯೂಬ್ ಪಕ್ಕ ಒಂದು ಗೇಣು ಹೊರಗೇ ಇರುತ್ತದೆ. ಆ ಎರಡು ಮಗ್ಗುಲು ಎಲ್ಲಕ್ಕಿಂತ ಮುಖ್ಯ. ಯಾಕೆಂದರೆ ಕಲ್ಲು ಯಾವಾಗಲೋ ಒಮ್ಮೆ ಬಡಿಯುತ್ತದೆ, ಹೋಸ್ ಮಾತ್ರ ಸೈಕಲ್ ಅಲುಗುವ ಪ್ರತಿ ಕ್ಷಣವೂ ಅದೇ ಜಾಗದಲ್ಲಿ ತಿಕ್ಕುತ್ತಿರುತ್ತದೆ. ಆಮೇಲೆ ಡೌನ್ ಟ್ಯೂಬಿನ ಹೊಟ್ಟೆ. ಮುಂದಿನ ಗಾಲಿ ಎಸೆಯುವ ಕಲ್ಲೆಲ್ಲ ಅಲ್ಲಿಗೇ. ಮೇಲಿನ ದಂಡದಲ್ಲಿ ಮೊಣಕಾಲು ತಾಗುವ ಜಾಗ, ಬ್ಯಾಗು ಕಟ್ಟುವವರಾದರೆ ಅದರ ಪಟ್ಟಿ ಕೂರುವ ಜಾಗ. ಹಿಂದಿನ ಕವಲಿನಲ್ಲಿ ಹಿಮ್ಮಡಿ ಸವರುವ ಜಾಗ. ಇಷ್ಟೇ.

ಕಲ್ಲು ಜೋರಾಗಿ ಬಡಿದು ತಗ್ಗು ಬೀಳುವುದನ್ನು ಫಿಲ್ಮ್ ತಡೆಯುವುದಿಲ್ಲ, ಇದನ್ನೂ ಯಾರೂ ಹೇಳುವುದಿಲ್ಲ. ಅದು ಗೀರು ತಡೆಯುತ್ತದೆ, ಪೆಟ್ಟನ್ನಲ್ಲ. ಪೆಟ್ಟಿಗೆ ರಬ್ಬರೇ ಬೇಕು. ಚೈನು ಕುಣಿದು ಬಡಿಯುವ ಬಲಗಡೆಯ ಚೈನ್‌ಸ್ಟೇಗೆ ಕೆಲವು ಸೈಕಲ್‌ಗಳಲ್ಲಿ ಕಂಪನಿಯೇ ರಬ್ಬರ್ ಹಾಕಿ ಕೊಡುತ್ತದೆ. ಇಲ್ಲದಿದ್ದರೆ ಮೂಲೆಯ ಪಂಕ್ಚರ್ ಅಂಗಡಿಗೆ ಹೋಗಿ ಹಳೆ ಟ್ಯೂಬ್ ಕೇಳಿ. ದುಡ್ಡು ತೆಗೆದುಕೊಳ್ಳುವುದಿಲ್ಲ. ಉದ್ದಕ್ಕೆ ಸೀಳಿ, ಬಿಗಿಯಾಗಿ ಎಳೆದು ಸುತ್ತಿ, ಎರಡು ತುದಿಗೂ ಜಿಪ್ ಟೈ ಹಾಕಿದರೆ ಮುಗಿಯಿತು. ತಿಂಗಳಿಗೊಮ್ಮೆ ಬಿಚ್ಚಿ ಒಳಗೆ ಒರೆಸಿ ಮತ್ತೆ ಸುತ್ತಬೇಕು, ಇಲ್ಲದಿದ್ದರೆ ಅಪ್ಪನ ಕಥೆಯೇ.

ಎರಡನೇ ಸಲ ನಾನೇ ಹಚ್ಚಿದೆ ಅಂದೆನಲ್ಲ. ಕಾರುಗಳಿಗೆ ಪಿಪಿಎಫ್ ಹಾಕುವ ಕಡೆ ಹೋಗಿ ಮ್ಯಾಟ್ ಫಿಲ್ಮಿನ ತುಂಡು ಕೇಳಿದೆ. ರೋಲಿನ ಅಗಲ 152 ಸೆಂಟಿಮೀಟರ್ ಇರುತ್ತದೆ, ಅದರಲ್ಲಿ ಒಂದಡಿ ಕತ್ತರಿಸಿದರೆ ನಾನು ಹೇಳಿದ ಜಾಗಗಳಿಗೆಲ್ಲ ಸಾಕು. ಬಾನೆಟ್ಟಿಗೆ ಹಾಕಿ ಉಳಿದ ತುಂಡೊಂದು ಇತ್ತು, ‘ಏನ್ ಸರ, ಸೈಕಲ್ಲಿಗಾ?’ ಎಂದು ನಕ್ಕು 500 ರೂಪಾಯಿಗೆ ಕೊಟ್ಟರು.

ಅಳತೆ ತೆಗೆದದ್ದು ನಿಮ್ಮ ಪತ್ರಿಕೆಯಿಂದ. ನಿಜವಾಗಿ. ಹಾಳೆಯನ್ನು ಪೈಪಿನ ಮೇಲೆ ಸುತ್ತಿ, ಬೆರಳಿನಿಂದ ಉಜ್ಜಿ ಮಡಿಕೆ ಮೂಡಿಸಿ, ಬಾಟಲಿ ಕೂರಿಸುವ ಸ್ಕ್ರೂಗಳ ಗುರುತು ಹಾಕಿ ಕತ್ತರಿಸಿದೆ. ಎರಡು ಸಲ ಕೆಟ್ಟಿತು, ಮೂರನೇ ಸಲ ಸರಿಯಾಯಿತು. ಆ ಕಾಗದವನ್ನು ಫಿಲ್ಮಿನ ಮೇಲಿಟ್ಟು ಟೇಬಲ್ಲಿನ ಮೇಲೆ ಕತ್ತರಿಸಬೇಕು. ಫ್ರೇಮಿನ ಮೇಲೆ ಹಚ್ಚಿದ ನಂತರ ಬ್ಲೇಡಿನಲ್ಲಿ ಅಂಚು ಕೊಯ್ಯಲೇಬಾರದು, ಬ್ಲೇಡು ಫಿಲ್ಮಿನ ಜೊತೆ ಬಣ್ಣವನ್ನೂ ಕೊಯ್ಯುತ್ತದೆ. ಮೂಲೆಗಳನ್ನೆಲ್ಲ ಎಂಟಾಣೆಯ ದುಂಡಿಗೆ ಸುತ್ತಗೆ ಕತ್ತರಿಸಿದೆ. ಚೂಪು ಮೂಲೆಯೇ ಮೊದಲು ಏಳುವುದು.

ಆಮೇಲೆ ತೊಳೆಯುವುದು. ಎಲ್ಲಾ ಇರುವುದು ಇಲ್ಲಿಯೇ, ಅದಕ್ಕೇ ಜಾಸ್ತಿ ಹೊತ್ತು ಹೇಳುತ್ತೇನೆ. ಮೊದಲು ಹಳೆ ಫಿಲ್ಮಿನ ಅಂಟು. ಅದಕ್ಕೆ ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಟ್ಟು ಹೆಬ್ಬೆರಳಿನಿಂದ ಉರುಳಿಸಿದರೆ ಬಂತು. ಆ ಎಣ್ಣೆ ಹೋಗಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಎರಡು ಸಲ. ಹೊಸ ಸೈಕಲ್ಲಾದರೂ ತೊಳೆಯಲೇಬೇಕು, ಡಬ್ಬಿಯ ದೂಳು, ಜೋಡಿಸಿದವನ ಕೈಯ ಗ್ರೀಸ್, ಅಂಗಡಿಯಲ್ಲಿ ಹೊಳಪಿಗೆ ಹೊಡೆದ ಪಾಲಿಶ್ ಎಲ್ಲಾ ಇರುತ್ತದೆ, ಪಾಲಿಶ್ ಇದ್ದಲ್ಲಿ ಅಂಟು ಹಿಡಿಯುವುದೇ ಇಲ್ಲ. ಒಣಗಿದ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೆತ್ತನೆ ಬಟ್ಟೆಗೆ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು. ತೊಳೆದಿದ್ದೇನೆ ಅಂದುಕೊಂಡ ಮೇಲೂ ಕಪ್ಪಾಯಿತು! ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ, ಒಟ್ಟು ನಾಲ್ಕು ಸಲ. ಕೊನೆಗೆ ಕಣ್ಣು ಮುಚ್ಚಿ ಬೆರಳ ತುದಿಯಿಂದ ಸವರಿದೆ. ಕಣ್ಣಿಗೆ ಕಾಣದ್ದು ಬೆರಳಿಗೆ ಸಿಗುತ್ತದೆ.

ಹಚ್ಚಿದ್ದು ಬಚ್ಚಲುಮನೆಯಲ್ಲಿ. ಎಲ್ಲರ ಜಳಕ ಆದ ಮೇಲೆ, ನೆಲ ಗೋಡೆ ಎಲ್ಲಾ ತೇವ ಇರುವಾಗ ಗಾಳಿಯಲ್ಲಿ ಹಾರುವ ದೂಳು ಕೂತಿರುತ್ತದೆ, ಫ್ಯಾನೂ ಇರುವುದಿಲ್ಲ. ಅವ್ವ ಬಾಗಿಲಲ್ಲಿ ನಿಂತು ‘ಈಗ ಸೈಕಲ್ಲಿಗೂ ಎಣ್ಣಿ ಹಚ್ಚಿ ಎರೀತೀಯೇನೋ’ ಎಂದಳು. ಕೊಬ್ಬರಿ ಎಣ್ಣೆಯ ಡಬ್ಬಿ ಕಂಡು ಹೇಳಿದ್ದು, ಮಾತಿನಲ್ಲಿ ತಪ್ಪೇನಿರಲಿಲ್ಲ.

ಸ್ಪ್ರೇ ಬಾಟಲಿಯಲ್ಲಿ ನೀರು, ಅದಕ್ಕೆ ನಾಲ್ಕು ಹನಿ ಮಕ್ಕಳ ಶಾಂಪೂ. ನೀರು ಮಾತ್ರ ಕುಡಿಯುವ ಫಿಲ್ಟರಿನದು. ನಮ್ಮ ಬೋರಿನ ನೀರು ಒಣಗಿದರೆ ಬಿಳಿ ಕಲೆ ಉಳಿಯುತ್ತದೆ, ಫಿಲ್ಮಿನ ಕೆಳಗೆ ಉಳಿದರೆ ಅದು ಅಲ್ಲೇ. ಫ್ರೇಮಿಗೂ ಹೊಡೆಯಬೇಕು, ಫಿಲ್ಮಿನ ಅಂಟಿನ ಮಗ್ಗುಲಿಗೂ ಹೊಡೆಯಬೇಕು, ಬೆರಳಿಗೂ ಹೊಡೆದುಕೊಳ್ಳಬೇಕು. ಆಗ ಫಿಲ್ಮ್ ಮೀನಿನ ಹಾಗೆ ಜಾರುತ್ತದೆ, ಬೇಕಾದ ಜಾಗಕ್ಕೆ ಸರಿಸಿಕೊಳ್ಳಬಹುದು. ನಡುವಿನಿಂದ ಅಂಚಿನ ಕಡೆಗೆ ನೀರು ತಳ್ಳುತ್ತಾ ಬರಬೇಕು. ಅದಕ್ಕೆ ಸ್ಕ್ವೀಜಿ ಸಿಗುತ್ತದೆ, ನಾನು ಅವಧಿ ಮುಗಿದ ಎಟಿಎಂ ಕಾರ್ಡಿಗೆ ಹಳೆ ಬನಿಯನ್ ಬಟ್ಟೆ ಸುತ್ತಿಕೊಂಡೆ. ಪೈಪು ಬಾಗುವಲ್ಲಿ ಹೇರ್ ಡ್ರೈಯರ್ ದೂರದಿಂದ ಹಿಡಿದು ಸ್ವಲ್ಪ ಬಿಸಿ ಮಾಡಿದರೆ ಫಿಲ್ಮ್ ಮೆತ್ತಗಾಗಿ ಬಾಗುತ್ತದೆ. ಕೈಗೆ ತಡೆಯದಷ್ಟು ಬಿಸಿ ಬೇಡ, ಕಾರ್ಬನ್ ಫ್ರೇಮಿಗಂತೂ ಬೇಡವೇ ಬೇಡ. ತೀರಾ ಎಳೆದು ಹಿಗ್ಗಿಸಿ ಕೂರಿಸಿದರೆ ಆಗ ಚೆನ್ನಾಗಿ ಕಾಣುತ್ತದೆ, ಎರಡು ದಿನಕ್ಕೆ ತನ್ನ ಮೊದಲಿನ ಅಳತೆಗೆ ವಾಪಸ್ ಬರಲು ನೋಡಿ ಅಂಚು ಎತ್ತುತ್ತದೆ. ಹೆಡ್ ಟ್ಯೂಬಿನ ಎಡಗಡೆ ನಾನು ಈ ತಪ್ಪು ಮಾಡಿದೆ. ಅದನ್ನು ತೆಗೆದು ಮತ್ತೊಂದು ತುಂಡು ಹಾಕಬೇಕಾಯಿತು.

ಎರಡು ದಿನ ಸೈಕಲ್ ಮುಟ್ಟಲಿಲ್ಲ, ಒಂದು ವಾರ ತೊಳೆಯಲಿಲ್ಲ. ಈಗ ಅಂಚಿನ ಮೇಲೆ ಉಗುರು ಆಡಿಸಿದರೂ ಸಿಕ್ಕುವುದಿಲ್ಲ. ಒಂದೇ ಒಂದು ಕಡೆ ಬೆಕ್ಕಿನ ಕೂದಲು ಸಿಕ್ಕಿಕೊಂಡಿದೆ. ಇರಲಿ, ಅದೂ ಮನೆಯದೇ.

ಹೊಸದಾಗಿ ಬಣ್ಣ ಹೊಡೆಸಿದ ಹಳೆ ಫ್ರೇಮಿಗೆ ಕೂಡಲೇ ಹಚ್ಚಬೇಡಿ, ಬಣ್ಣ ಪೂರ್ತಿ ಗಟ್ಟಿಯಾಗಲು ಮೂರು ನಾಲ್ಕು ವಾರ ಬಿಡಿ. ಸ್ಟಿಕ್ಕರ್‌ಗಳು ಪಾರದರ್ಶಕ ಪದರದ ಮೇಲೆ ಅಂಟಿಸಿದ್ದಾಗಿದ್ದರೆ ಫಿಲ್ಮ್ ತೆಗೆಯುವ ದಿನ ಅವೂ ಕಿತ್ತು ಬರುತ್ತವೆ. ನೀರು ಇಳಿಯಲು ಫ್ರೇಮಿನ ಕೆಳಗೆ ಇರುವ ತೂತು ಮುಚ್ಚಬೇಡಿ. ಸಸ್ಪೆನ್ಷನ್ ಫೋರ್ಕಿನ ಹೊಳೆಯುವ ಕಾಲುಗಳು ಒಳಗೆ ಹೊರಗೆ ಜಾರುವಂಥವು, ಅವಕ್ಕೆ ಒಬ್ಬರು ಫಿಲ್ಮ್ ಹಚ್ಚಿದ್ದನ್ನು ನೋಡಿದ್ದೇನೆ. ಅಯ್ಯೋ ಅನ್ನಿಸಿತು.

ಗೀರು ಬಿದ್ದರೆ ಬೀಳಲಿ, ಮೌಂಟನ್ ಬೈಕ್ ಇರುವುದೇ ಹೊಡೆಯಲಿಕ್ಕೆ, ಶೋಕೇಸಿನಲ್ಲಿ ಇಡಲಿಕ್ಕಲ್ಲ ಎನ್ನುವವರು ಇದ್ದಾರೆ. ಅವರ ಮಾತಿನಲ್ಲೂ ಹುರುಳಿದೆ. 1970ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದ ಮೇಲೆ ಒಯ್ದು ಕೆಳಕ್ಕೆ ಬಿಡುತ್ತಿದ್ದ ಹುಡುಗರಿಂದಲೇ ಈ ಆಟ ಬೆಳೆದದ್ದು, ಅವರು ಬಣ್ಣದ ಬಗ್ಗೆ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಅದು 1996ರಲ್ಲಿ ಅಟ್ಲಾಂಟಾ ಒಲಿಂಪಿಕ್ಸಿಗೂ ಬಂತು, 2021ರಲ್ಲಿ ನಮ್ಮ ಗದಗಿನಲ್ಲಿ ರಾಷ್ಟ್ರೀಯ ಚಾಂಪಿಯನ್‌ಶಿಪ್ಪೇ ನಡೆಯಿತು. ಆದರೆ ಅಲ್ಲಿ ಸ್ಪರ್ಧೆಗೆ ಇಳಿಯುವ ಹುಡುಗ ಹುಡುಗಿಯರಲ್ಲಿ ಎಷ್ಟು ಜನ ಸೈಕಲ್ಲನ್ನು ಎರಡು ವರ್ಷಕ್ಕೆ ಮಾರಿ ಮುಂದಿನದನ್ನು ಕೊಳ್ಳಬೇಕಾದವರು ಎನ್ನುವುದನ್ನೂ ನೋಡಬೇಕಲ್ವಾ? ಹಳೆ ಸೈಕಲ್ ಕೊಳ್ಳುವವನು ಮೊದಲು ನೋಡುವುದೇ ಡೌನ್ ಟ್ಯೂಬಿನ ಹೊಟ್ಟೆಯನ್ನು. ಅಲ್ಲಿ ಗೀರಿದ್ದರೆ ಬಿದ್ದ ಸೈಕಲ್ ಎನ್ನುತ್ತಾನೆ.

ಸೈಕಲ್ ಅಂಗಡಿಯವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ಫಿಲ್ಮಿಗೆ ದುಡ್ಡು ತೆಗೆದುಕೊಳ್ಳುತ್ತೀರಿ, ತೆಗೆದುಕೊಳ್ಳಿ. ಆದರೆ ಗಿರಾಕಿಯ ಎದುರಿಗೇ ಫ್ರೇಮ್ ತೊಳೆದು, ಬಿಳಿ ಬಟ್ಟೆಯಲ್ಲಿ ಒರೆಸಿ ತೋರಿಸಿ. ಆಗದಿದ್ದರೆ ಫಿಲ್ಮ್ ಹಾಕುವುದಿಲ್ಲ ಎನ್ನಿ, ತುಂಡನ್ನು ಮಾರಿ, ನಾವು ಮನೆಯಲ್ಲಿ ಹಚ್ಚಿಕೊಳ್ಳುತ್ತೇವೆ. ಡಬ್ಬಿಯಿಂದ ತೆಗೆದು ಜೋಡಿಸುವ ಮೊದಲು, ಗಾಲಿ ಚೈನು ಏನೂ ಇಲ್ಲದೆ ಫ್ರೇಮ್ ಬೆತ್ತಲೆ ಇರುವಾಗಲೇ ಹಚ್ಚಿದರೆ ನಿಮಗೂ ಅರ್ಧ ಕೆಲಸ ಕಡಿಮೆ. ಕೊಂಡ ಕೂಡಲೇ ಸೈಕಲ್ ಕೈಗೆ ಕೊಡಬೇಕೆಂದು ಅವಸರ ಮಾಡುವವರು ನಾವೇ, ಅದನ್ನೂ ಒಪ್ಪುತ್ತೇನೆ. ಒಂದು ದಿನ ತಡೆಯಿರಿ ಎಂದು ಹೇಳಿದರೆ ತಡೆಯುತ್ತೇವೆ.

ಕೊನೆಗೆ ನಿಮ್ಮಲ್ಲೂ ಒಂದು ಕೋರಿಕೆ ಇದೆ. ಡೌನ್ ಟ್ಯೂಬಿನ ಅಳತೆಗೆ ನಾನು ಕತ್ತರಿಸಿದ ಹಾಳೆಯಲ್ಲಿ ಅವ್ವ ಮುಕ್ಕಾಲು ತುಂಬಿಸಿದ್ದ ಪದಬಂಧ ಇತ್ತು. ಅದು ಗೊತ್ತಾದ ದಿನದಿಂದ ಮಾತು ಕಡಿಮೆಯಾಗಿದೆ. ಡಿಸೆಂಬರಿನ ಮೂರನೇ ಭಾನುವಾರದ್ದು, ಎಡದಿಂದ ಬಲಕ್ಕೆ ಕೊನೆಯ ಎರಡು ಸಾಲು ಹೋಗಿವೆ. ಉತ್ತರವನ್ನು ಮತ್ತೊಮ್ಮೆ ಹಾಕಿದರೆ ಉಪಕಾರವಾಗುತ್ತದೆ.

ಇಂತಿ,
ಒಬ್ಬ ಸೈಕಲ್ ಸವಾರ, ಧಾರವಾಡ